ಪಿ80 ಬರೇ ನಾಲ್ಕು ದಿನ ಮುಂದ? (ಪುಣೆ–ಮುಂಬೈ ಕನ್ನಡ ಪ್ಲಾನರ್ಸ್, ಅಂದರೆ ಕಾಮಗಾರಿಯ ಶೆಡ್ಯೂಲ್ ಮಾಡುವವರ ಗ್ರೂಪ್; ಭಾನುವಾರದ ಪ್ರಶ್ನೋತ್ತರ. ಕೇಳುವವರ ಹೆಸರಿನ ಬದಲು ಊರು, ಉತ್ತರ ಮೇಡಂ ಅವರದು)

ಚಾಕಣ: ಮೇಡಂ, ಇಲ್ಲಿ ಫ್ಯಾಕ್ಟರಿ ಕಟ್ಟಾಕತ್ತೀವ್ರಿ. ಶೆಡ್ಯೂಲಿನ 400 ಸಾಲಿನ ಅವಧಿಗೂ ±10% ಹಾಕಿ ಮಾಂಟೆ ಕಾರ್ಲೊ (ಚೀಟಿ ಎತ್ತಿದಂಗ ಅವಧಿ ಬದಲಿಸ್ತಾ ಸಾವಿರಾರು ಸಲ ಓಡಿಸೂ ಸಿಮ್ಯುಲೇಶನ್) ಓಡಿಸಿದೆ. ಪ್ಲಾನಿನ ಸೆಪ್ಟೆಂಬರ್ 30ಕ್ಕಿಂತ ಪಿ80 (100ರಾಗ 80 ಸಲ ಇದರೊಳಗ ಮುಗೀತೈತಿ ಅನ್ನೂ ದಿನಾಂಕ) ಬರೇ ನಾಲ್ಕು ದಿನ ತಡ ಆಗಿ ಮುಂದ ಹೋಗೈತಿ. ಸಾಹೇಬ್ರು ಖುಷ್. ನನಗ ಯಾಕೋ ಅನುಮಾನ.

ಪನ್ವೇಲ್: ಮಳೆಗಾಲಕ್ಕೆ ಎಷ್ಟು ಪರ್ಸೆಂಟ್ ಹಾಕುದು ಮಾರಾಯ್ರೆ?

ಮಡಗಾಂವ್: ಗೋವಾದಲ್ಲಿ ಇದರ ಕ್ಲಾಸ್ ಉಂಟಾ?

ಮೇಡಂ: ಪನ್ವೇಲ್, ಮಳೆ ಗ್ಯಾರಂಟಿ ಬರುತ್ತದೆ. ಜೂನ್–ಸೆಪ್ಟೆಂಬರ್ ಕ್ಯಾಲೆಂಡರಿನಲ್ಲೇ ಮಳೆ ದಿನಗಳಿಗೆ ರಜೆ ಕೊಡಿ, ಪರ್ಸೆಂಟ್ ಬೇಡ.

ಚಾಕಣ, ನಿಮ್ಮ ಅನುಮಾನ ಸರಿ. ಒಂದರ ಹಿಂದೊಂದು 100 ಕೆಲಸ ಅಂದುಕೊಳ್ಳಿ, ತಲಾ 10 ದಿನ, ಹೆಚ್ಚು ಅಥವಾ ಕಡಿಮೆ 1 ದಿನ, ತ್ರಿಕೋನ ಹಂಚಿಕೆ (10ರ ಹತ್ತಿರ ಸಾಧ್ಯತೆ ಹೆಚ್ಚು, ತುದಿಗಳಲ್ಲಿ ಕಡಿಮೆ). ಒಂದಕ್ಕೊಂದು ಸಂಬಂಧವಿಲ್ಲ ಎಂದು ಓಡಿಸಿದರೆ, 1000 ದಿನಕ್ಕೆ ಪಿ80 ಹೆಚ್ಚಾಗುವುದು ಸುಮಾರು ಮೂರೂವರೆ ದಿನ. ಒಂದು ತಡವಾದದ್ದನ್ನು ಇನ್ನೊಂದು ಬೇಗ ಮುಗಿದು ಸರಿದೂಗಿಸಿಬಿಡುತ್ತದೆ. ಎಲ್ಲವೂ ಒಟ್ಟಿಗೇ ಜಾರಿದರೆ? ಸುಮಾರು 37 ದಿನ. ನಿಜ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದೇ ಕಂಟ್ರಾಕ್ಟರ್, ಅದೇ ಗ್ಯಾಂಗ್. ಪೈಲಿಂಗ್ ಜಾರಿದವರು ಸ್ಲಾಬೂ ಜಾರಿಸುತ್ತಾರೆ. ಈ ಒಟ್ಟಿಗೇ ಜಾರುವ ನಂಟನ್ನು, ಅಂದರೆ ಕೋರಿಲೇಶನ್, ಹಾಕಿದ್ದೀರಾ?

ಇನ್ನೊಂದು. ಸಿವಿಲ್, ಕ್ರೇನ್, ಎಲೆಕ್ಟ್ರಿಕಲ್ ಮೂರೂ ಕಮಿಷನಿಂಗ್‌ನಲ್ಲಿ (ಎಲ್ಲ ಪರೀಕ್ಷಿಸಿ ಚಾಲೂ ಮಾಡುವ ಹಂತ) ಸೇರುತ್ತವಲ್ಲ? ಪ್ರತಿಯೊಂದಕ್ಕೂ ಆ ದಿನಕ್ಕೆ ಮುಗಿಯುವ ಸಾಧ್ಯತೆ 50% ಇದ್ದರೂ, ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮೂರೂ ಮುಗಿದಿರುವುದು 12.5% ಮಾತ್ರ. ನಡುವಿನ ಯಾವುದಾದರೂ ಸಾಲಿಗೆ ಮ್ಯಾಂಡೇಟರಿ ಫಿನಿಶ್ (ಇದೇ ದಿನ ಮುಗಿಯಬೇಕು ಎಂಬ ಕಟ್ಟು) ಹೊಡೆದಿದ್ದರೆ ಮೊದಲು ತೆಗೀರಿ. ಮೊಳೆ ಹೊಡೆದ ದಿನಾಂಕ ಅಲುಗಾಡುವುದಿಲ್ಲ.

ಮುಲುಂಡ್: ಫಾರ್ವರ್ಡ್ ಆಗಿ ಬಂದದ್ದು 👉 ಎಲ್ಲ ಸಾಲಿಗೂ 15% ಬಫರ್ ಸೇರಿಸಿ, ರಿಸ್ಕ್ ಮುಗೀತು!

ಮೇಡಂ: ಇದು ಮೂರನೇ ಸಲ. ಗುಟ್ಟಾಗಿ ಬಫರ್ ತುರುಕಿ ಆಮೇಲೆ ಸಿಮ್ಯುಲೇಶನ್ ಓಡಿಸಿದರೆ ಅದೇ ಅಪಾಯ ಎರಡೆರಡು ಸಲ ಲೆಕ್ಕಕ್ಕೆ ಬರುತ್ತದೆ. ಅಳಿಸಿ.

ವಾಶಿ: ಇಟರೇಶನ್ (ಸಿಮ್ಯುಲೇಶನ್ ಎಷ್ಟು ಸಲ ಓಡಿಸುವುದು) ಎಷ್ಟು, ಸಾವಿರವೋ ಹತ್ತು ಸಾವಿರವೋ?

ಮೇಡಂ: ಐದು ಸಾವಿರ.

ಡೊಂಬಿವ್ಲಿ: ಇಷ್ಟೆಲ್ಲ ಯಾಕೆ? ಪರ್ಟ್ (ಪ್ರತಿ ಕೆಲಸಕ್ಕೂ ಮೂರು ಅಂದಾಜು ಹಿಡಿದು ಮಾಡುವ ಹಳೇ ಲೆಕ್ಕ) ಸಾಕು. 1958ರಲ್ಲಿ ಅಮೆರಿಕದ ನೌಕಾಪಡೆ ಪೋಲಾರಿಸ್ ಕ್ಷಿಪಣಿಗೇ ಬಳಸಿತ್ತು.

ಪಿಂಪ್ರಿ: ಪರ್ಟ್ ಲೆಕ್ಕ ಒಂದೇ ಕ್ರಿಟಿಕಲ್ ಪಾತ್ (ಕೆಲಸಗಳ ಅತಿ ಉದ್ದ ಸರಪಳಿ) ಹಿಡ್ಕೊಂಡು ಕೂಡ್ತದ. ಪಕ್ಕದ ಪಾತ್ ಜಾರಿದ್ರ ಅದಕ್ಕ ಗೊತ್ತೇ ಆಗೂದಿಲ್ಲ.

ಡೊಂಬಿವ್ಲಿ: ನಾನು 22 ವರ್ಷ ಸೈಟಲ್ಲಿ ಇದ್ದವನು.

ಪಿಂಪ್ರಿ: 22 ವರ್ಷ ಯಾವ ಕೆಲಸ ಟೈಮಿಗೆ ಮುಗಿಸೀರಿ, ಅದನ್ನೂ ಹೇಳ್ರಿ.

ಡೊಂಬಿವ್ಲಿ: ಎಸಿ ಕ್ಯಾಬಿನ್ನಿನವರಿಗೆ ಉತ್ತರ ಕೊಡುವುದಿಲ್ಲ.

ಪನ್ವೇಲ್: ಇಬ್ರೂ ಸುಮ್ನಿರಿ ಮಾರಾಯ್ರೆ.

ವಾಶಿ: ಇಟರೇಶನ್ ಹತ್ತು ಸಾವಿರ ಇಟ್ಟರೆ ಇನ್ನೂ ಸರಿ ಬರುತ್ತಾ?

ಮೇಡಂ: ಮೇಲೆ ಓದಿ. ಲಾಜಿಕ್ ತಪ್ಪಿದ್ದರೆ ಹತ್ತು ಸಾವಿರ ಸಲವೂ ತಪ್ಪೇ ಬರುತ್ತದೆ.

ಮಡಗಾಂವ್: ಗೋವಾದಲ್ಲಿ ಕ್ಲಾಸ್...?

ಚಾಕಣ: ಮೇಡಂ, ಮ್ಯಾಂಡೇಟರಿ ಇತ್ರಿ, ತೆಗೆದೆ. ಕಂಟ್ರಾಕ್ಟರ್ ಪ್ರಕಾರ ಕೋರಿಲೇಶನ್ನೂ ಹಾಕಿದೆ. ಪಿ80 ನವೆಂಬರ್ 19! ಸಾಹೇಬ್ರಿಗೆ ಹೆಂಗ ಹೇಳ್ಲಿ?

ಮೇಡಂ: ದಿನಾಂಕದಿಂದ ಶುರು ಮಾಡಬೇಡಿ. ಟೊರ್ನಾಡೊ ಚಾರ್ಟಿನ (ಯಾವ ಕೆಲಸ ದಿನಾಂಕವನ್ನು ಹೆಚ್ಚು ಅಲ್ಲಾಡಿಸುತ್ತದೆ ಎಂದು ಸಾಲಾಗಿ ತೋರಿಸುವ ಚಿತ್ರ) ಮೇಲಿನ ಎರಡು ಪಟ್ಟಿ ತೋರಿಸಿ. ಕ್ರೇನ್ ಡೆಲಿವರಿ ಅಲ್ಲೇ ಇರುತ್ತದೆ ಅಂತ ನನ್ನ ಅಂದಾಜು.

ಚಾಕಣ: ಎರಡನೇದು ಐತ್ರಿ. ಮೊದಲನೇದು ಸಾಹೇಬ್ರ ಡ್ರಾಯಿಂಗ್ ಅಪ್ರೂವಲ್.