ಫಿಲ್ಟರ್ ಬದಲಿಸಿದ ಮ್ಯಾಲೆ ಅಪ್ಪನ ಟ್ರ್ಯಾಕ್ಟರ್ ಎರಡ ನಿಮಿಷಕ್ಕ ಬಂದ್ ಬೀಳ್ತೈತಿ

ಫುರಸುಂಗಿ ರೈತ:
ನಮಸ್ಕಾರ್ರಿ. ನಾವು ಮೂಲ ವಿಜಯಪುರದವ್ರು, ಈಗ ಪುಣೆ ಹತ್ರ ಫುರಸುಂಗಿಯೊಳಗ ಎರಡ ಎಕರೆ ಕಬ್ಬ ಐತಿ. ಅಪ್ಪ ತಗೊಂಡಿದ್ದ 35 ಎಚ್‌ಪಿ ಟ್ರ್ಯಾಕ್ಟರ್, ಮಾರೋಣ ಅಂದ್ರ ಅವ್ವ ಕೇಳಂಗಿಲ್ಲ. ಹೋದ ವಾರ ಡೀಸೆಲ್ ಫಿಲ್ಟರ್ ಎರಡೂ ನಾನ ಬದಲಿ ಮಾಡ್ದೆ, ಅವತ್ತಿಂದ ಸ್ಟಾರ್ಟ್ ಆಗಿ ಎರಡ ನಿಮಿಷ ಓಡಿ ತಡವರಿಸಿ ಬಂದ್. ಮೆಕ್ಯಾನಿಕ್ ಪಂಪ್ ಬಿಚ್ಚಬೇಕು ಅಂತಾನ. ಖರೇನಾ?

ಭೋಸರಿ ಫಿಟ್ಟರ್:
ಪಂಪ್ ಮುಟ್ಟಬ್ಯಾಡ್ರಿ ಅಣ್ಣಾ! ಡೀಸೆಲ್ ಲೈನಿನ್ಯಾಗ ಏರ್ (ಗಾಳಿ) ಹಿಡದಿರತೈತಿ. ಟಾಕಿ ಕಾಕ್ ತಗದು ಮೊದಲನೇ ಫಿಲ್ಟರ್ ಮ್ಯಾಲಿನ ಗಾಳಿ ಬಿಡೋ ಬ್ಲೀಡ್ ಸ್ಕ್ರೂ ಸಡಿಲ ಮಾಡಿ, ಕೈಲೆ ಡೀಸೆಲ್ ಒತ್ತೋ ಹ್ಯಾಂಡ್ ಪ್ರೈಮರ್ ಹೊಡೀರಿ, ಗುಳ್ಳಿ ನಿಂತು ಬರೇ ಡೀಸೆಲ್ ಬಂದ್ರ ಟೈಟ್ ಮಾಡ್ರಿ, ಆಮ್ಯಾಲೆ ಎರಡನೇದು, ಕಡೀಕ ಪಂಪಿನ ಸ್ಕ್ರೂ. ಅಂದಂಗ ತಾಮ್ರದ ವಾಶರ್ ಹಳೇವ ಹಾಕೀರೇನು? ಅವು ಸರಿ ಕೂಡದಿದ್ರ ಅಲ್ಲಿಂದನೂ ಗಾಳಿ ಹೋಗತೈತಿ.

ಫೋಂಡಾದ ಹುಡುಗ:
ಪ್ರತಿ ಸಲ ಬ್ಲೀಡ್ ಮಾಡಿದ್ಮೇಲೂ ನಿಲ್ತಿದ್ರೆ ಟಾಕಿಯಿಂದ ಫೀಡ್ ಪಂಪ್‌ವರೆಗಿನ ಪೈಪ್ ನೋಡಿ. ಅಲ್ಲಿ ಪಂಪ್ ಎಳೆಯೋದ್ರಿಂದ ಡೀಸೆಲ್ ಹೊರಗೆ ತೊಟ್ಟಿಕ್ಕದೇ ಗಾಳಿ ಒಳಗೆ ಹೋಗ್ಬೋದು, ಪೈಪ್ ಹೊರಗೆ ಒಣಗಿದೆ, ಲೀಕ್ ಇಲ್ಲ ಅಂತ ನಂಬಿ ನಾನು ಎರಡು ದಿನ ಹಾಳು ಮಾಡ್ಕೊಂಡೆ. ಮತ್ತೆ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಪೈಪ್ ಲೀಕ್ ಇದ್ಯಾ ಅಂತ ಬೆರಳಿಟ್ಟು ಮಾತ್ರ ನೋಡ್ಬೇಡಿ, ಅಲ್ಲಿನ ಭಾರಿ ಪ್ರೆಶರ್‌ಗೆ ಡೀಸೆಲ್ ಚರ್ಮದೊಳಗೇ ಹೊಗ್ತದೆ, ಸೀದಾ ಆಸ್ಪತ್ರೆ.

ಫುರಸುಂಗಿ ರೈತ:
ವಾಶರ್ರೇ ರೀ! ಹಳೇದು ಚಪ್ಪಟ್ಟಾಗಿತ್ತು, ನಾನಾ ಪೇಠದಿಂದ ಹೊಸಾವ ತಂದು ಹಾಕಿ ಬ್ಲೀಡ್ ಮಾಡ್ದೆ. ಅರ್ಧ ತಾಸಿಂದ ಓಡಾಕತ್ತೈತಿ, ಅವ್ವ ಹೊರಗ ಬಂದು ನಿಂತಾಳ.