ಹಾನಿಮನ್ ಹೋಮಿಯೋಪತಿ ಶುರು ಮಾಡೋಕ್ ಮುಂಚೆ ಏನ್ ಮಾಡ್ತಿದ್ರು? ಭಾಷಣಕ್ಕೆ ಬೇಕಿತ್ತು

ಫಸ್ಟ್‌ಇಯರ್_ಪಾಪಚ್ಚಿ

ಎಲ್ರಿಗೂ ನಮಸ್ಕಾರ. ನಾನು ಬಿಎಚ್‌ಎಂಎಸ್, ಅಂದ್ರೆ ಹೋಮಿಯೋಪತಿ ಡಿಗ್ರಿ, ಫಸ್ಟ್ ಇಯರ್. ಏಪ್ರಿಲ್ 10ಕ್ಕೆ ಕಾಲೇಜಲ್ಲಿ ಹಾನಿಮನ್ ಜಯಂತಿ ಇದೆ, ನಮ್ ಬ್ಯಾಚಿಂದ ಒಬ್ರು ಕನ್ನಡದಲ್ಲಿ ಮಾತಾಡ್ಬೇಕು ಅಂತ ಹೇಳಿ ಅದನ್ನ ನನ್ ತಲೆಗೆ ಕಟ್ಟಿದಾರೆ. ಸೀನಿಯರ್ಸ್ ಹತ್ರ ಹಳೇ ಭಾಷಣ ಇಸ್ಕೊಂಡು ನೋಡಿದ್ರೆ ಎಲ್ಲದ್ರಲ್ಲೂ ಒಂದೇ ಕಥೆ, 1755ರಲ್ಲಿ ಹುಟ್ಟಿದ್ರು, 1790ರಲ್ಲಿ ಚಳಿಜ್ವರಕ್ಕೆ ಕೊಡ್ತಿದ್ದ ಸಿಂಕೋನಾ ಮರದ ತೊಗಟೆ ತಿಂದ್ರು, ಜ್ವರ ಬಂತು, ಹೋಮಿಯೋಪತಿ ಹುಟ್ತು, ಚಪ್ಪಾಳೆ. ಅಲ್ಲಾ, ಮಧ್ಯ 35 ವರ್ಷ ಆ ಮನುಷ್ಯ ಏನ್ ಮಾಡ್ತಿದ್ರು? 1779ರಲ್ಲೇ ಎಂ.ಡಿ. ಆಗಿತ್ತು ಅಂತ ಟೆಕ್ಸ್ಟ್‌ಬುಕ್ಕಲ್ಲಿದೆ, ಆಮೇಲೆ ಪ್ರಾಕ್ಟೀಸ್ ಬಿಟ್ಬಿಟ್ರು ಅಂತಾನೂ ಇದೆ, ಬಿಟ್ರೆ ಸಂಸಾರ ಹೆಂಗೆ ನಡೀತಿತ್ತು? ಅವ್ರು ಮೊದ್ಲು ಮಾಡ್ತಿದ್ದಿದ್ದು ಮಾಮೂಲಿ ಅಲೋಪತಿನೇನಾ?

ಗೊತ್ತಿರೋರು ಹೇಳಿ ಪ್ಲೀಸ್. ಹೊಗಳಿಕೆ ಬೇಡ, ಅದು ನನ್ ಹತ್ರ ಬೇಕಾದಷ್ಟಿದೆ.

ಹಳೇ_ದವಾಖಾನೆ

ನೋಡಮ್ಮಾ, ಒಳ್ಳೆ ಪ್ರಶ್ನೆ ಕೇಳಿದೀಯ, ನಮ್ಮವರೇ ಇದನ್ನ ಸರಿಯಾಗಿ ಓದಲ್ಲ. ನಾನು ದಾವಣಗೆರೆ ಕಡೆ ಪ್ರಾಕ್ಟೀಸ್ ಮಾಡ್ತಿದ್ದೋನು, ಈಗ ಸಂಜೆ ಹೊತ್ತು ಮಾತ್ರ ಕೂರ್ತೀನಿ, ಟೈಮ್ ಇದೆ, ಸ್ವಲ್ಪ ಉದ್ದ ಆಗುತ್ತೆ ಓದ್ಕೋ.

ಊರು ಮೈಸೆನ್, ಜರ್ಮನಿಯ ಸ್ಯಾಕ್ಸನಿ ಸೀಮೆ. ಪಿಂಗಾಣಿಗೆ ಹೆಸರುವಾಸಿ, ಅಲ್ಲಿನ ಪಿಂಗಾಣಿ ಕಾರ್ಖಾನೆ 1710ರದ್ದು. ಅಪ್ಪ ಅಲ್ಲೇ ಪಿಂಗಾಣಿ ಮೇಲೆ ಚಿತ್ರ ಬರೆಯೋ ಕೆಲಸಗಾರ. ಮಗು ಹುಟ್ಟಿದ ಮಾರನೇ ವರ್ಷವೇ ಪ್ರಷ್ಯಾದವರು ಸ್ಯಾಕ್ಸನಿ ಮೇಲೆ ಬಿದ್ರು, ಏಳು ವರ್ಷ ಯುದ್ಧ ನಡೀತು, ಊರು ಬರಿಗೈ ಆಯ್ತು. ಹುಡುಗ ಚುರುಕು, ಹನ್ನೆರಡನೇ ವಯಸ್ಸಿಗೇ ಮೇಷ್ಟ್ರು ಅವನ ಕೈಲಿ ಬೇರೆ ಹುಡುಗರಿಗೆ ಗ್ರೀಕ್ ಪಾಠ ಹೇಳಿಸ್ತಿದ್ರು, ಆದ್ರೆ ಅಪ್ಪಂಗೆ ಓದ್ಸೋ ತಾಕತ್ತಿಲ್ಲ, ಪದೇ ಪದೇ ಸ್ಕೂಲ್ ಬಿಡಿಸ್ತಿದ್ದ. ಲೈಪ್ಸಿಕ್‌ನಲ್ಲಿ ಒಂದು ಕಿರಾಣಿ ಅಂಗಡಿಗೆ ಕೆಲಸ ಕಲಿಯೋಕೆ ಹಾಕಿದ್ರಂತೆ, ಹುಡುಗ ಅಲ್ಲಿಂದ ಓಡಿ ಬಂದ್ನಂತೆ, ತಾಯಿ ಗಂಡನಿಗೆ ಗೊತ್ತಾಗ್ದಂಗೆ ಬಚ್ಚಿಟ್ಟಿದ್ಳಂತೆ. ಇದು ಜೀವನಚರಿತ್ರೆ ಬರೆದೋರೆಲ್ಲ ಹೇಳೋ ಕಥೆ, ಅಂತೆಕಂತೆ ಜೊತೆಗೇ ತಗೋ. ಕೊನೆಗೆ ಮೇಷ್ಟ್ರುಗಳೇ ಫೀಸ್ ಬಿಟ್ಟು ಓದ್ಸಿದ್ರು, ಇದನ್ನ ಮಾತ್ರ ಅವರೇ 1791ರಲ್ಲಿ ಬರೆದ ಆತ್ಮಕಥೆಯಲ್ಲಿ ಹೇಳ್ಕೊಂಡಿದಾರೆ. ಸ್ಕೂಲ್ ಬಿಡೋವಾಗ ಬರೆದ ಪ್ರಬಂಧ ಮನುಷ್ಯನ ಕೈಯ ರಚನೆ ಬಗ್ಗೆ.

1775ರಲ್ಲಿ ಲೈಪ್ಸಿಕ್‌ಗೆ ಹೊರಟಾಗ ಅಪ್ಪ ಕೊಟ್ಟಿದ್ದು 20 ಥಾಲರ್, ಆಮೇಲೆ ಮನೆಯಿಂದ ಒಂದು ಕಾಸೂ ಇಲ್ಲ. ಹಗಲು ಕ್ಲಾಸು, ಜೊತೆಗೆ ಒಬ್ಬ ಶ್ರೀಮಂತ ಗ್ರೀಕ್ ಹುಡುಗನಿಗೆ ಜರ್ಮನ್ ಫ್ರೆಂಚ್ ಪಾಠ, ರಾತ್ರಿ ಇಂಗ್ಲಿಷ್ ವೈದ್ಯ ಪುಸ್ತಕಗಳ ಅನುವಾದ. ಲೈಪ್ಸಿಕ್‌ನಲ್ಲಿ ಬರೀ ಲೆಕ್ಚರ್, ರೋಗಿಗಳನ್ನ ನೋಡಿ ಕಲಿಯೋ ಅವಕಾಶ ಇರ್ಲಿಲ್ಲ, ಅದಕ್ಕೇ ವಿಯೆನ್ನಾಗೆ ಹೋದ್ರು. ಅಲ್ಲಿ ಮಠದವರು ನಡೆಸ್ತಿದ್ದ ಆಸ್ಪತ್ರೆಯಲ್ಲಿ ಡಾಕ್ಟರ್ ಕ್ವಾರಿನ್ ಅಂತ ದೊಡ್ಡ ವೈದ್ಯರು, ರಾಣಿ ಮರಿಯಾ ಥೆರೆಸಾ ಅವರ ವೈದ್ಯರೇ ಅವರು, ಈ ಹುಡುಗನ್ನ ಜೊತೇಲೇ ರೋಗಿಗಳ ಮನೆಗೂ ಕರ್ಕೊಂಡು ಹೋಗ್ತಿದ್ರು, ದುಡ್ಡು ಇಸ್ಕೊಳ್ದೆ. ಆದ್ರೂ ಒಂಬತ್ತು ತಿಂಗಳಿಗೆ ಕೈಲಿದ್ದ 68 ಫ್ಲೋರಿನ್ 12 ಕ್ರೊಯ್ಟ್ಸರ್ ಖಾಲಿ. ಪೈಸೆ ಲೆಕ್ಕದ ಸಮೇತ ನೆನಪಿಟ್ಟು ಬರ್ಕೊಂಡಿದಾರೆ ನೋಡು, ಬಡತನ ಕಂಡೋರ ಲೆಕ್ಕ ಹಂಗೇ ಇರುತ್ತೆ.

ಆಗ ಕೈ ಹಿಡಿದವರೂ ಕ್ವಾರಿನ್ನೇ. ಟ್ರಾನ್ಸಿಲ್ವೇನಿಯಾದ ಗವರ್ನರ್ ಬ್ರುಕೆಂತಾಲ್ ಹತ್ರ ಕೆಲಸ ಕೊಡಿಸಿದ್ರು, ಈಗ ರೊಮೇನಿಯಾದಲ್ಲಿರೋ ಸಿಬಿಯು ಊರು. ಅವರ ಮನೆ ವೈದ್ಯ, ಜೊತೆಗೆ ಲೈಬ್ರರಿ ನೋಡ್ಕೊಳ್ಳೋದು, ಹಳೇ ನಾಣ್ಯಗಳ ಪಟ್ಟಿ ಮಾಡೋದು. ಇನ್ನೂ ಡಿಗ್ರಿ ಆಗಿಲ್ಲ ಅನ್ನೋದು ನೆನಪಿರ್ಲಿ. ಪೌನೆರಡು ವರ್ಷ ಅಲ್ಲಿದ್ದು ಒಂದಿಷ್ಟು ದುಡ್ಡು ಮಾಡ್ಕೊಂಡು ಎರ್ಲಾಂಗೆನ್‌ಗೆ ಬಂದು 1779ರ ಆಗಸ್ಟ್ 10ಕ್ಕೆ ಎಂ.ಡಿ. ತಗೊಂಡ್ರು. ಎರ್ಲಾಂಗೆನ್ ಯಾಕೆ ಅಂದ್ರೆ ಅಲ್ಲಿ ಫೀಸ್ ಕಮ್ಮಿ, ಅಷ್ಟೇ ಕಾರಣ.

ಹೌದು, ಆಮೇಲೆ ಮಾಡಿದ್ದು ಆ ಕಾಲದ ಮಾಮೂಲಿ ವೈದ್ಯವೇ. ನೀನು ಅಲೋಪತಿ ಅಂದ್ಯಲ್ಲ, ಈಗಿನ ಆಸ್ಪತ್ರೆ ತರ ಅಲ್ಲ, ರಕ್ತ ತೆಗೆಯೋದು, ವಾಂತಿ ಮಾಡ್ಸೋದು, ಭೇದಿ ಮಾಡ್ಸೋದು, ಪಾದರಸ ಕೊಡೋದು. ಹೆಟ್‌ಸ್ಟೆಟ್ ಅಂತ ತಾಮ್ರದ ಗಣಿ ಊರು, ಅಲ್ಲಿಂದ ಡೆಸ್ಸೌ. ಡೆಸ್ಸೌದಲ್ಲಿ ಔಷಧಿ ಅಂಗಡಿಗೆ ಹೋಗಿ ಬಂದು ಅಂಗಡಿಯವನ ಹೆಂಡತಿಯ ಮೊದಲ ಮದುವೆಯ ಮಗಳು ಹೆನ್ರಿಯೆಟ್ ಅನ್ನೋಳನ್ನ 1782ರಲ್ಲಿ ಮದುವೆ ಆದ್ರು. ಗೊಮ್ಮರ್ನ್ ಅಂತ ಊರಲ್ಲಿ ಸರ್ಕಾರಿ ವೈದ್ಯನ ಕೆಲಸ. ಆ ಊರಿಗೆ ಅಲ್ಲಿವರೆಗೂ ಡಾಕ್ಟರ್ ಅಂತ ಒಬ್ರು ಬಂದೇ ಇರ್ಲಿಲ್ಲ, ಜನಕ್ಕೆ ಡಾಕ್ಟರ್ ಬೇಕು ಅಂತಾನೂ ಇರ್ಲಿಲ್ಲ, ಇದನ್ನ ಅವರೇ ಬರೆದಿದಾರೆ!

ಪ್ರಾಕ್ಟೀಸ್ ಬಿಟ್ಟ ವಿಷಯ ನಾಳೆ ಬರೀತೀನಿ, ಪೇಷೆಂಟ್ ಬಂದ್ರು.

ಪಿಯು_ಕೆಮಿಸ್ಟ್ರಿ

ಡಾಕ್ಟ್ರು ಬರೋವರೆಗೂ ನಾನೊಂದು ಸೇರಿಸ್ತೀನಿ. ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಹೋಮಿಯೋಪತಿ ಮೇಲೆ ನಂಬಿಕೆ ಇಲ್ಲ, 30ಸಿ ಪೊಟೆನ್ಸಿ, ಅಂದ್ರೆ ನೂರರಲ್ಲಿ ಒಂದರಂತೆ 30 ಸಲ ತೆಳು ಮಾಡಿದ ಔಷಧಿ, ಒಂದರ ಮುಂದೆ 60 ಸೊನ್ನೆ ಹಾಕಿದಷ್ಟು ತೆಳು, ಅವೊಗಾಡ್ರೋ ಸಂಖ್ಯೆ ಓದಿದ ಮಕ್ಕಳಿಗೆ ಅದ್ರಲ್ಲಿ ಮೂಲ ವಸ್ತುವಿನ ಒಂದು ಅಣುವೂ ಉಳಿಯೋ ಚಾನ್ಸ್ ಇಲ್ಲ ಅಂತ ಗೊತ್ತು. ಆದ್ರೆ ಹಾನಿಮನ್ ಅನ್ನೋ ಕೆಮಿಸ್ಟ್ ಮೇಲೆ ನಂಗೆ ಗೌರವ ಇದೆ, ಮತ್ತೆ ಆ ಭಾಗ ನಿಮ್ಮ ಜಯಂತಿಗಳಲ್ಲಿ ಯಾರೂ ಹೇಳಲ್ಲ.

ಡ್ರೆಸ್ಡೆನ್‌ನಲ್ಲಿದ್ದಾಗ, 1785ರಿಂದ 89, ಅವರು ಹೆಚ್ಚುಕಡಿಮೆ ಪೂರ್ತಿ ಕೆಮಿಸ್ಟ್ರಿನೇ ಮಾಡಿದ್ದು. 1786ರಲ್ಲಿ ಆರ್ಸೆನಿಕ್ ವಿಷದ ಬಗ್ಗೆ ಒಂದು ಪುಸ್ತಕ ಬರೆದ್ರು, ವಿಷ ಹಾಕಿ ಕೊಂದಿದ್ದನ್ನ ಕೋರ್ಟಲ್ಲಿ ಹೆಂಗೆ ಸಾಬೀತು ಮಾಡ್ಬೇಕು ಅನ್ನೋವರೆಗೂ ಅದ್ರಲ್ಲಿದೆ. ಅದಕ್ಕಿಂತ ಚೆನ್ನಾಗಿರೋದು ವೈನ್ ಟೆಸ್ಟ್. ಆಗೆಲ್ಲ ಹುಳಿ ವೈನನ್ನ ಸಿಹಿ ಮಾಡೋಕೆ ವ್ಯಾಪಾರಿಗಳು ಸೀಸದ ಸಕ್ಕರೆ ಬೆರೆಸ್ತಿದ್ರು, ಅಂದ್ರೆ ಲೆಡ್ ಅಸಿಟೇಟ್, ನಾಲಿಗೆಗೆ ಸಿಹಿ ಹೊಟ್ಟೆಗೆ ವಿಷ. ಅದನ್ನ ಹಿಡಿಯೋಕೆ ಒಂದು ಹಳೇ ಪರೀಕ್ಷೆ ಇತ್ತು, ಆದ್ರೆ ಅದ್ರಲ್ಲಿ ವೈನಲ್ಲಿ ಬರೀ ಕಬ್ಬಿಣದ ಅಂಶ ಇದ್ರೂ ಕಪ್ಪಾಗ್ತಿತ್ತು, ಪಾಪ ತಪ್ಪಿಲ್ದಿರೋ ವ್ಯಾಪಾರಿನೂ ಸಿಕ್ಕಿ ಬೀಳ್ತಿದ್ದ. ಹಾನಿಮನ್ ಮಾಡಿದ್ದು ಏನಪ್ಪ ಅಂದ್ರೆ ಹೈಡ್ರೋಜನ್ ಸಲ್ಫೈಡ್ ಕರಗಿಸಿದ ನೀರಿಗೆ ಆಸಿಡ್ ಸೇರಿಸಿದ್ರು. ಆಸಿಡ್ ಇದ್ರೆ ಕಬ್ಬಿಣದ ಸಲ್ಫೈಡ್ ತಳಕ್ಕೆ ಕೂರಲ್ಲ, ಕರಗಿಕೊಂಡೇ ಇರುತ್ತೆ, ಸೀಸದ್ದು ಮಾತ್ರ ಕಪ್ಪಗೆ ಇಳಿಯುತ್ತೆ. ಈಗ ನಮ್ ಲ್ಯಾಬಲ್ಲಿ ಸಾಲ್ಟ್ ಅನಾಲಿಸಿಸ್ ಮಾಡೋವಾಗ ಎರಡನೇ ಗ್ರೂಪ್‌ಗೆ ಎಚ್‌ಸಿಎಲ್ ಆಸಿಡ್ ಹಾಕಿ ಎಚ್‌ಟುಎಸ್, ಅಂದ್ರೆ ಅದೇ ಹೈಡ್ರೋಜನ್ ಸಲ್ಫೈಡ್, ಬಿಡ್ತೀವಲ್ಲ, ಅದೇ ಲೆಕ್ಕಾಚಾರ. ಈ ಪರೀಕ್ಷೆಗೆ ಅವರ ಹೆಸರೇ ನಿಂತ್ಕೊಳ್ತು.

ಇನ್ನು ಸಿಂಕೋನಾ. "ಜ್ವರ ಬಂತು" ಅಂತ ಭಾಷಣದಲ್ಲಿ ಹೇಳ್ಬೇಡಮ್ಮ, ಅವರು ಬರೆದಿದ್ದೇ ಬೇರೆ. ದಿನಕ್ಕೆ ಎರಡು ಸಲ ನಾಲ್ಕು ಡ್ರಾಮ್, ಹೆಚ್ಚುಕಡಿಮೆ 15 ಗ್ರಾಂ ಒಂದು ಸಲಕ್ಕೆ, ಕೆಲವು ದಿನ ತಗೊಂಡ್ರು. ಕಾಲು, ಬೆರಳ ತುದಿ ತಣ್ಣಗಾಯ್ತು, ಮಂಪರು, ಎದೆ ಬಡಿತ, ನಡುಕ, ಕೆನ್ನೆ ಕೆಂಪು, ಬಾಯಾರಿಕೆ, ಎಲ್ಲ ಎರಡು ಮೂರು ಗಂಟೆ ಇದ್ದು ಹೋಗ್ತಿತ್ತು, ನಿಜವಾದ ಚಳಿಜ್ವರದ ಆ ಗಡಗಡ ಚಳಿ ಮಾತ್ರ ಬರ್ಲಿಲ್ಲ ಅಂತ ಅವರೇ ಬರೆದಿದಾರೆ. ಸಿಂಕೋನಾ ಅಷ್ಟು ತಗೊಂಡ ಎಲ್ರಿಗೂ ಹಂಗೆ ಆಗಲ್ಲ, ಆ ತೊಗಟೆ ಅವರ ಮೈಗೆ ಒಗ್ಗದೇ ಇರ್ಬಹುದು ಅಂತ ಕೆಲವರ ವಾದ.

ಸುಮ್ನೆ_ಓದೋನು

ಇದನ್ನೆಲ್ಲ ಹಾನಿಮನ್ ಜಯಂತಿ ಸ್ಟೇಜ್ ಮೇಲೆ ಹೇಳಿದ್ರೆ ಇಂಟರ್ನಲ್ಸ್ ಮಾರ್ಕ್ಸ್ ಗೋವಿಂದ ಗೋವಿಂದ 😂

ಫಸ್ಟ್‌ಇಯರ್_ಪಾಪಚ್ಚಿ

ಅಯ್ಯೋ ಸರ್ ಹಂಗೇನಿಲ್ಲ, ಹಾನಿಮನ್ ಬರೆದ ಆರ್ಗನಾನ್ ಪುಸ್ತಕದ ಪಾಠ ಮಾಡೋ ನಮ್ ಮೇಡಂ ಒಳ್ಳೆಯವರು. ಮೇಷ್ಟ್ರೇ ಥ್ಯಾಂಕ್ಸ್, ವೈನ್ ಟೆಸ್ಟ್ ನಂಗೆ ಗೊತ್ತೇ ಇರ್ಲಿಲ್ಲ. ಡಾಕ್ಟರ್ ಅಂಕಲ್, ಬಿಟ್ಟಿದ್ದು ಯಾಕೆ ಅನ್ನೋದು ಹೇಳ್ತೀನಿ ಅಂದಿದ್ರಿ, ಕಾಯ್ತಿದೀನಿ. ಪ್ರಾಕ್ಟೀಸ್ ನಡೀತಿರ್ಲಿಲ್ಲ ಅಂತ ಬಿಟ್ರೋ, ಇಷ್ಟ ಇಲ್ದೆ ಬಿಟ್ರೋ?

ಹಳೇ_ದವಾಖಾನೆ

ಎರಡೂ ಅಂತ ನನ್ ಅಭಿಪ್ರಾಯ, ಆದ್ರೆ ಅವರು ಹೇಳ್ಕೊಂಡಿದ್ದು ಎರಡನೇದು. 1808ರಲ್ಲಿ ಹುಫೆಲಾಂಡ್ ಅನ್ನೋ ಇನ್ನೊಬ್ಬ ವೈದ್ಯರಿಗೆ ಬರೆದ ಪತ್ರ ಇದೆ. ನಾನು ಕೊಡೋ ಔಷಧಿಗೆ ರೋಗಿ ಸತ್ರೆ ನಾನೇ ಕೊಂದಂಗೆ ಅಲ್ವಾ, ಈ ಯೋಚನೆ ತಡ್ಕೊಳ್ಳೋಕಾಗ್ದೆ ಮದುವೆಯಾದ ಮೊದಲ ವರ್ಷಗಳಲ್ಲೇ ಹೆಚ್ಚುಕಡಿಮೆ ಯಾರಿಗೂ ಔಷಧಿ ಕೊಡೋದು ಬಿಟ್ಟೆ, ಆಮೇಲೆ ನನ್ ಮಕ್ಕಳೇ ಕಾಯಿಲೆ ಬಿದ್ದಾಗ ಅವಕ್ಕೆ ಏನು ಕೊಡ್ಲಿ ಅಂತ ಗೊತ್ತಾಗ್ಲಿಲ್ಲ ಅನ್ನೋ ಅರ್ಥದಲ್ಲಿ ಬರೆದಿದಾರೆ. ಇಪ್ಪತ್ತೈದು ವರ್ಷ ಆದ್ಮೇಲೆ ಬರೆದ ಪತ್ರ ಅದು, ಅಷ್ಟೊತ್ತಿಗೆ ಹೊಸ ಪದ್ಧತಿಯ ಗುರು ಆಗಿದ್ರು, ಸ್ವಲ್ಪ ಬಣ್ಣ ಹತ್ತಿರ್ಬಹುದು. ಡ್ರೆಸ್ಡೆನ್‌ನಲ್ಲಿ ಊರಿನ ವೈದ್ಯರಿಗೆ ಹುಷಾರಿಲ್ದಾಗ ಅವರ ಬದ್ಲು ಆಸ್ಪತ್ರೆ ಕೆಲಸ ಮಾಡಿದ್ದೂ ಇದೆ, ಹಂಗಾಗಿ "ಪೂರ್ತಿ ಬಿಟ್ರು" ಅಂತ ಒಂದೇ ಏಟಿಗೆ ಹೇಳ್ಬೇಡ.

ಹೊಟ್ಟೆಪಾಡಿಗೆ ಅನುವಾದ. ಇಂಗ್ಲಿಷ್, ಫ್ರೆಂಚ್, ಇಟಾಲಿಯನ್, ಲ್ಯಾಟಿನ್ ಎಲ್ಲದ್ರಿಂದ ಜರ್ಮನ್‌ಗೆ. ಬರೀ ಅನುವಾದ ಮಾಡಿ ಸುಮ್ನಿರ್ತಿರ್ಲಿಲ್ಲ, ಕೆಳಗಡೆ ಅಡಿಟಿಪ್ಪಣಿ ಹಾಕಿ ಮೂಲ ಲೇಖಕನ ತಪ್ಪು ತಿದ್ದೋರು, ಜಗಳಗಂಟ ಸ್ವಭಾವ. ಮನೇಲಿ ಮಕ್ಕಳ ಸಾಲು, ಒಟ್ಟು ಹನ್ನೊಂದು ಆದ್ವು. ಲೈಪ್ಸಿಕ್ ಹತ್ರ ಒಂದು ಹಳ್ಳಿಯಲ್ಲಿ ಇಡೀ ಸಂಸಾರ ಒಂದೇ ರೂಮಲ್ಲಿ, ಮೂಲೇಲಿ ಪರದೆ ಕಟ್ಕೊಂಡು ಪೈಪ್ ಸೇದ್ತಾ ರಾತ್ರಿಯೆಲ್ಲ ಬರೀತಿದ್ರಂತೆ, ಬ್ರೆಡ್ಡನ್ನ ತಕ್ಕಡೀಲಿ ತೂಗಿ ಎಲ್ರಿಗೂ ಸಮ ಹಂಚ್ತಿದ್ರಂತೆ.

ಸಿಂಕೋನಾನೂ ಇಂಥದೊಂದು ಅಡಿಟಿಪ್ಪಣಿಯಿಂದ್ಲೇ ಬಂದಿದ್ದು. 1790ರಲ್ಲಿ ಎಡಿನ್‌ಬರೋದ ವಿಲಿಯಂ ಕಲೆನ್ ಅವರ ಔಷಧಿ ಪುಸ್ತಕ ಅನುವಾದ ಮಾಡ್ತಿದ್ರು. ಸಿಂಕೋನಾ ಕಹಿ ಮತ್ತೆ ಒಗರು, ಅದು ಹೊಟ್ಟೆಗೆ ಬಲ ಕೊಡುತ್ತೆ, ಅದಕ್ಕೇ ಚಳಿಜ್ವರ ಹೋಗುತ್ತೆ ಅಂತ ಕಲೆನ್ ಬರೆದಿದ್ರು. ಇವರಿಗೆ ಸಿಟ್ಟು ಬಂತು. ಇದಕ್ಕಿಂತ ಕಹಿ ಒಗರು ಇರೋದನ್ನ ಎರಡು ಬೆರೆಸಿ ಕೊಟ್ರೂ ಜ್ವರ ಹೋಗಲ್ವಲ್ಲ, ಹಂಗಿದ್ಮೇಲೆ ಕಾರಣ ಬೇರೆ ಏನೋ ಇರ್ಬೇಕು ಅಂತ ತಾವೇ ತಿಂದು ನೋಡಿದ್ರು. ಈ ಪ್ರಶ್ನೆ ಸರಿಯಾದ್ದೇ ಅಲ್ವಾ ಮೇಷ್ಟ್ರೇ? ಕ್ವಿನೈನ್ ಬೇರ್ಪಡಿಸಿದ್ದೇ 1820ರಲ್ಲಿ, ಮಲೇರಿಯಾ ಪರಾವಲಂಬಿ ಕಣ್ಣಿಗೆ ಬಿದ್ದಿದ್ದು 1880ರಲ್ಲಿ. ಉತ್ತರದ ಬಗ್ಗೆ ನೀವು ಜಗಳ ಆಡಿ, ಅದಕ್ಕೆ ಬೇರೆ ಥ್ರೆಡ್ ಮಾಡಿ, ನಾನೂ ಬರ್ತೀನಿ.

ಇನ್ನೊಂದು, ಇದನ್ನ ಖಂಡಿತ ಹಾಕು. 1792ರಲ್ಲಿ ಗೋಥಾದ ಡ್ಯೂಕ್ ತನ್ನ ಗೆಯೋರ್ಗೆಂತಾಲ್ ಬಂಗ್ಲೆಯ ಒಂದು ಭಾಗ ಬಿಟ್ಟುಕೊಟ್ರು, ಮಾನಸಿಕ ರೋಗಿಗಳಿಗೆ ಮನೆ ಮಾಡೋಕೆ. ಬಂದಿದ್ದು ಕ್ಲೊಕೆನ್‌ಬ್ರಿಂಗ್ ಅನ್ನೋ ಹ್ಯಾನೊವರ್ ಸರ್ಕಾರದ ದೊಡ್ಡ ಅಧಿಕಾರಿ, ಒಂದು ನಾಟಕದಲ್ಲಿ ಇವರ ಮಾನ ಕಳೆದಿದ್ರು, ಮೊದಲೇ ಸೂಕ್ಷ್ಮ ಇದ್ದ ಮನುಷ್ಯ ಪೂರ್ತಿ ಕೆಟ್ಟು ಹೋಗಿದ್ರು. ಆಗ ಹುಚ್ಚರನ್ನ ಸರಪಳೀಲಿ ಕಟ್ಟಿ ಹೊಡೀತಿದ್ದ ಕಾಲ. ಹಾನಿಮನ್ ಎರಡು ವಾರ ಯಾವ ಔಷಧಿನೂ ಕೊಡ್ದೆ ಸುಮ್ನೆ ನೋಡಿದ್ರು. ಹೊಡೆತ ಇಲ್ಲ, ಕಟ್ಟೋದಿಲ್ಲ. ತನ್ನ ವಿಚಾರ ತಾನೇ ತಿಳೀದೇ ಇರೋನಿಗೆ ಶಿಕ್ಷೆ ಕೊಡೋದು ಎಲ್ಲಿಯ ನ್ಯಾಯ ಅನ್ನೋದು ಅವರ ವಾದ. ಮರು ವರ್ಷ ಅಧಿಕಾರಿ ವಾಸಿಯಾಗಿ ಮನೆಗೆ ಹೋದ್ರು. ಬೇರೆ ರೋಗಿಗಳು ಬರ್ಲಿಲ್ಲ, ಆ ಮನೆ ಮುಚ್ತು, ಇವರು ಮತ್ತೆ ಗಂಟುಮೂಟೆ ಕಟ್ಟಿದ್ರು. ಆರೋಗ್ಯವಂತರಲ್ಲಿ ಯಾವ ಲಕ್ಷಣ ತರುತ್ತೋ ಅದೇ ತರದ ಕಾಯಿಲೆಗೆ ಆ ಔಷಧಿ ಕೊಡ್ಬೇಕು ಅನ್ನೋ ಹೋಮಿಯೋಪತಿಯ ಹೊಸ ತತ್ವದ ಲೇಖನ ಬರೆದಿದ್ದು 1796ರಲ್ಲಿ, ಆರ್ಗನಾನ್ ಬಂದಿದ್ದು 1810ರಲ್ಲಿ, ಆಗ ವಯಸ್ಸು 55.

ಕುಡ್ಲದ_ಮಾಣಿ

ಕರ್ನಾಟಕದ ಒಂದು ಕನೆಕ್ಷನ್ ಬೇಕಾದ್ರೆ ನಮ್ಮ ಮಂಗಳೂರು ಹೇಳಿ ಮಾರಾಯ್ರೆ. ಫಾದರ್ ಆಗಸ್ಟಸ್ ಮುಲ್ಲರ್ ಅಂತ ಜರ್ಮನ್ ಜೆಸ್ವಿಟ್ ಪಾದ್ರಿ, 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡ್ಲಿಕ್ಕೆ ಶುರು ಮಾಡಿದ್ದು, ಆಮೇಲೆ 1890ರಲ್ಲಿ ಕುಷ್ಠ ರೋಗಿಗಳಿಗೆ ಆಶ್ರಯ. ಈಗ ಅದೇ ಜಾಗದಲ್ಲಿ ಅಷ್ಟು ದೊಡ್ಡ ಅಲೋಪತಿ ಆಸ್ಪತ್ರೆ ಉಂಟು.

ಫಸ್ಟ್‌ಇಯರ್_ಪಾಪಚ್ಚಿ

ಎಲ್ರಿಗೂ ಥ್ಯಾಂಕ್ಸ್ 🙏 ಆದ್ರೆ ಈಗ ಹೊಸ ಪ್ರಾಬ್ಲಂ, ನಂಗೆ ಕೊಟ್ಟಿರೋದು ಏಳು ನಿಮಿಷ ಅಂತೆ. ಏನ್ ಬಿಡ್ಲಿ? ಮೇಷ್ಟ್ರೇ, ವೈನ್ ಟೆಸ್ಟನ್ನ ಸ್ಟೇಜ್ ಮೇಲೆ ಮಾಡಿ ತೋರಿಸ್ಬಹುದಾ?

ಹಳೇ_ದವಾಖಾನೆ

ಸಿಂಕೋನಾ ಎರಡು ವಾಕ್ಯದಲ್ಲಿ ಮುಗ್ಸು, ಹೆಂಗೂ ನಿನ್ನ ಹಿಂದೆ ಮಾತಾಡೋರೆಲ್ಲ ಅದನ್ನೇ ಹೇಳ್ತಾರೆ. ಊರುಗಳ ಹೆಸರು ಬಿಡು, ಯಾರಿಗೂ ನೆನಪಿರಲ್ಲ. 20 ಥಾಲರ್, ಅನುವಾದ, ಕ್ಲೊಕೆನ್‌ಬ್ರಿಂಗ್, ಈ ಮೂರು ಇಟ್ಕೋ, ಏಳು ನಿಮಿಷಕ್ಕೆ ಸರಿಹೋಗುತ್ತೆ.

ಪಿಯು_ಕೆಮಿಸ್ಟ್ರಿ

ಡೆಮೋ ಬೇಡವೇ ಬೇಡ. ಎಚ್‌ಟುಎಸ್ ವಿಷದ ಗ್ಯಾಸ್, ಮುಚ್ಚಿದ ಹಾಲಲ್ಲಿ ಬಿಡೋ ಹಂಗಿಲ್ಲ, ಮೇಲಾಗಿ ಕೊಳೆತ ಮೊಟ್ಟೆ ವಾಸನೆಗೆ ನಿಮ್ ಚೀಫ್ ಗೆಸ್ಟು ಸಮೋಸಾ ಬರೋಕ್ ಮುಂಚೆನೇ ಎದ್ದು ಹೋಗ್ತಾರೆ.