ಸಹಾಯ ಬೇಕು: ಸರ್ವರ್‌ಗೆ ಫೈಲ್ ಹಾಕುವಾಗ ಮಾತ್ರ ವಿಪರೀತ ನಿಧಾನ

ಎಲ್ಲರಿಗೂ ನಮಸ್ಕಾರ. ನಮ್ಮ ಸ್ಟುಡಿಯೋದ ಉಬುಂಟು ಸರ್ವರ್‌ನಲ್ಲಿ ಸಾಂಬಾ (ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳುವ ಸಾಫ್ಟ್‌ವೇರ್) ಶೇರ್ ಮಾಡಿ ಮದುವೆ ವಿಡಿಯೋಗಳನ್ನು ಇಡುತ್ತೇವೆ. ಅಲ್ಲಿಂದ ವಿಂಡೋಸ್‌ಗೆ ಕಾಪಿ ಮಾಡಿದರೆ ಸೆಕೆಂಡಿಗೆ 110 ಎಂಬಿ ಬರುತ್ತದೆ. ಅದೇ ಫೈಲನ್ನು ವಾಪಸ್ ಹಾಕಿದರೆ ಶುರುವಿನಲ್ಲಿ ಅಷ್ಟೇ ಸ್ಪೀಡ್, ಸ್ವಲ್ಪ ಹೊತ್ತಿಗೆ 15ಕ್ಕೆ ಇಳಿದು, ಆಗಾಗ ಸೊನ್ನೆಗೆ ಬಂದು ನಿಂತೇಬಿಡುತ್ತದೆ.

ಕೇಬಲ್, ಸ್ವಿಚ್ ಪೋರ್ಟ್ ಎರಡನ್ನೂ ಬದಲಾಯಿಸಿದೆ. ನೆಟ್‌ವರ್ಕ್ ಸ್ಪೀಡ್ ಅಳೆಯುವ ಐಪರ್ಫ್ ಎರಡೂ ದಿಕ್ಕಿಗೆ 940 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಕೊಡುತ್ತಿದೆ. ಅಂದರೆ ನೆಟ್‌ವರ್ಕ್ ಸರಿಯಿದೆ, ಅಲ್ವಾ? ಸರ್ವರ್‌ನಲ್ಲೇ ಡಿಡಿ ಕಮಾಂಡ್‌ನಿಂದ 1 ಜಿಬಿ ಬರೆದು ನೋಡಿದರೆ ಡಿಸ್ಕೂ ಚೆನ್ನಾಗಿದೆ. ಆದರೆ ಕಾಪಿ ನಿಂತಾಗ ಡಿಸ್ಕಿನ ಕೆಲಸ ತೋರಿಸುವ ಐಒಸ್ಟಾಟ್‌ನಲ್ಲಿ ಅದೇ ಡಿಸ್ಕ್ 100% ಬ್ಯುಸಿ ಅಂತ ತೋರಿಸುತ್ತದೆ. ಇಲ್ಲೇ ತಲೆ ಕೆಡುತ್ತಿರುವುದು. ಡಿಸ್ಕ್ ಎಸ್‌ಎಂಆರ್ ಮಾದರಿಯದು (ಡೇಟಾದ ಸಾಲುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವ ಹಾರ್ಡ್ ಡಿಸ್ಕ್).

ಇದು ಎಸ್‌ಎಂಆರ್ ಡಿಸ್ಕಿನ ಕಾಟವೋ, ಸಾಂಬಾ ಸೆಟ್ಟಿಂಗ್‌ನದೋ? ಹೊಸ ಡಿಸ್ಕಿಗೆ ದುಡ್ಡು ಹಾಕುವ ಮೊದಲು ಖಚಿತ ಮಾಡಿಕೊಳ್ಳಲು ಯಾವ ಟೆಸ್ಟ್ ಮಾಡಲಿ?